ಹಿಂದಿನ ಗೇಟಿನ ಬೀಗದಕೈ

ರೈಲು ಹಳಿಯ ಪಕ್ಕದ ಅಪಾರ್ಟ್‌ಮೆಂಟುಗಳ ನಿವಾಸಿ ಸಂಘಗಳ ಪದಾಧಿಕಾರಿಗಳಿಗೂ ಸದಸ್ಯರಿಗೂ ಒಂದು ಬಹಿರಂಗ ಪತ್ರ



ಬರುವ ಭಾನುವಾರ ನಮ್ಮ ಸಂಘದ ಸರ್ವಸದಸ್ಯರ ಸಭೆ. ಕಾರ್ಯಸೂಚಿ ಮೊನ್ನೆ ಕೈಸೇರಿತು. ನಾಲ್ಕನೆಯ ವಿಷಯ, ರೈಲುಗಳು ಹೊತ್ತುಗೊತ್ತಿಲ್ಲದೆ ಹಾರ್ನ್ ಹೊಡೆಯುವುದರ ಬಗ್ಗೆ ರೈಲ್ವೆಗೆ ದೂರು. ಏಳನೆಯ ವಿಷಯ, ಹಿಂಬದಿಯ ರೈಲ್ವೆ ಗೋಡೆಯಲ್ಲಿರುವ ಕಂಡಿಯನ್ನು ಮುಚ್ಚಿಸಲು ಮನವಿ. ನಡುವೆ ಈಜುಕೊಳದ ಟೈಲ್ಸು, ನಾಯಿ ಸಾಕಿದವರ ಮೇಲಿನ ದಂಡ. ನಾಲ್ಕಕ್ಕೂ ಏಳಕ್ಕೂ ಸಂಬಂಧವಿದೆ ಅಂತ ಕಾರ್ಯಸೂಚಿ ಬರೆದವರಿಗೆ ಹೊಳೆದಂತಿಲ್ಲ. ನಮ್ಮ ಮಾವನವರು ಹೇಳುವ ತನಕ ನನಗೂ ಹೊಳೆದಿರಲಿಲ್ಲ.

ಇದನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬರೆಯಬಹುದಿತ್ತು. ಅಲ್ಲಿ ಬರೆದದ್ದು ಹತ್ತು ನಿಮಿಷದಲ್ಲಿ ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಅದೂ ಅಲ್ಲದೆ ಇದು ನಮ್ಮೊಂದು ಅಪಾರ್ಟ್‌ಮೆಂಟಿನ ಕಥೆಯೇನೂ ಅಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆಗೋ, ಯಶವಂತಪುರದಿಂದ ಹೆಬ್ಬಾಳ, ಬಾಣಸವಾಡಿ ಕಡೆಗೋ, ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೋ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ನೋಡಿ. ಹಳಿಗೆ ಬೆನ್ನು ಮಾಡಿ ನಿಂತ ಎತ್ತರದ ಕಟ್ಟಡಗಳು, ಅವುಗಳ ಬುಡದಲ್ಲಿ ಕಾಂಪೌಂಡು, ಆಮೇಲೆ ರೈಲ್ವೆಯ ಗೋಡೆ, ಗೋಡೆಯಲ್ಲೊಂದು ಆಳು ತೂರುವಷ್ಟು ಕಂಡಿ. ಕಂಡಿಯ ಬಾಯಲ್ಲಿ ಚೀಲ ಹಿಡಿದ ಇಬ್ಬರು ಮೂವರು, ನಿಮ್ಮ ರೈಲು ದಾಟಲಿ ಅಂತ ಕಾಯುತ್ತಾ ನಿಂತಿರುತ್ತಾರೆ.

ನಮ್ಮ ಕಟ್ಟಡ ಇರುವುದು ಕಾರ್ಮೆಲಾರಾಂ ಮತ್ತು ಹೀಲಲಿಗೆ ನಿಲ್ದಾಣಗಳ ನಡುವೆ. ನಾಲ್ಕು ಬ್ಲಾಕು, 312 ಮನೆ. ಹಳಿಯ ಆಚೆಗೆ ಹಳೆಯ ಊರು, ಸಣ್ಣಸಣ್ಣ ಬಾಡಿಗೆ ಮನೆಗಳ ವಠಾರಗಳು, ಬಸ್ ನಿಲ್ದಾಣ, ಹಾಲಿನ ಡೇರಿ, ಹೋಟೆಲುಗಳು. ಈಚೆಗೆ ನಾವು. ಊರಿನ ಹಿರಿಯರನ್ನು ಕೇಳಿದರೆ ನಮ್ಮ ಎ ಬ್ಲಾಕ್ ನಿಂತಿರುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದೆವು ಅನ್ನುತ್ತಾರೆ. ಹೊಲಕ್ಕೆ ಬರಲು, ದನ ಹೊಡೆದುಕೊಂಡು ಬರಲು ಅವರು ಹಳಿ ದಾಟುತ್ತಿದ್ದ ಜಾಗವೇ ಇವತ್ತಿನ ಈ ಜಾಗ. ಕಂಡಿ ಅನ್ನುವ ಹೆಸರು ಬಂದದ್ದು ಗೋಡೆ ಕಟ್ಟಿದ ಮೇಲೆ. ಅದಕ್ಕೆ ಮೊದಲು ಅದು ಬರೀ ದಾರಿ.

ಆಗ ಒಂಟಿ ಹಳಿ. ರೈಲೂ ಅಪರೂಪ. ಬಂದರೂ ಡೀಸೆಲ್ ಎಂಜಿನ್ನಿನ ಗುಡುಗು ಮೈಲಿ ದೂರಕ್ಕೆ ಕೇಳಿಸುತ್ತಿತ್ತಂತೆ. ಈಗ ಈ ಮಾರ್ಗಕ್ಕೆ ವಿದ್ಯುತ್ ಬಂದಿದೆ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ 48 ಕಿ.ಮೀ. ಜೋಡಿ ಹಳಿಯ ಕಾಮಗಾರಿ ಕೈಗೆತ್ತಿಕೊಂಡಿದ್ದಾರೆ. ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತಲ್ಲ, ಅದರ ನಾಲ್ಕು ಮಾರ್ಗಗಳಲ್ಲಿ ‘ಕನಕ’ ಅನ್ನುವುದು ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವಂಥದ್ದು. ಅದೂ ನಮ್ಮ ಹಿತ್ತಲಲ್ಲೇ ಹಾಯುತ್ತದೆ. ಹೊಲಕ್ಕೆ ನಾಲ್ಕು ಜನ ಬರುತ್ತಿದ್ದ ದಾರಿಯಲ್ಲಿ ಈಗ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ನೂರಾರು ಜನ ದಾಟುತ್ತಾರೆ. ರೈಲು ಹೆಚ್ಚಾಯಿತು, ಜನ ಹೆಚ್ಚಾದರು, ಸದ್ದು ಮಾತ್ರ ಕಡಿಮೆಯಾಯಿತು.

ಆ ನೂರಾರು ಜನ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಅವರು ಬರುವುದು ನಮ್ಮ ಮನೆಗಳಿಗೇ.

ನಮ್ಮ ಮನೆಗೆ ಪಾತ್ರೆ, ಬಟ್ಟೆ, ಕಸಕ್ಕೆ ಬರುವ ಅಕ್ಕ ಒಂದು ದಿನ ತಡವಾಗಿ ಬಂದು, “ಗಾಡಿ ನಿಂತ್ಬಿಟ್ಟಿತ್ತಕ್ಕ, ಕೆಳಗೆ ತೂರೋಕೆ ಭಯ ಆಯ್ತು” ಅಂದಾಗ ನನಗೆ ಕೈಯಲ್ಲಿದ್ದ ಲೋಟ ಜಾರಿತು. ಅಂದರೆ ಭಯ ಆಗದ ದಿನ ತೂರುತ್ತಾಳೆ. ಮಾರನೆಯ ದಿನ ನಾನೂ ಹಿಂದಿನ ಗೇಟಿನಿಂದ ಅವಳ ಜೊತೆ ಕಂಡಿಯ ತನಕ ಹೋದೆ. ಆರು ವರ್ಷದಿಂದ ಇಲ್ಲಿದ್ದೇನೆ, ಹೋದದ್ದು ಅದೇ ಮೊದಲು.

ಗೋಡೆಯ ಎರಡು ಕಾಂಕ್ರೀಟ್ ಹಲಗೆಗಳನ್ನು ಯಾರೋ ಕಳಚಿ ಪಕ್ಕಕ್ಕೆ ಮಲಗಿಸಿದ್ದಾರೆ. ಆಚೆಗೆ ಹದಿನಾಲ್ಕು ಅಡಿ ಎತ್ತರದ ಏರಿ, ಅದರ ಮೇಲೆ ಹಳಿ. ಏರಿ ಹತ್ತಲು ಮರಳಿನ ಚೀಲಗಳನ್ನು ಮೆಟ್ಟಿಲಿನಂತೆ ಜೋಡಿಸಿದ್ದಾರೆ. ಸವೆದು ಹರಿದ ಚೀಲಗಳ ಮೇಲೆ ಹೊಸ ಚೀಲ ಬಿದ್ದಿವೆ. ಯಾರೋ ಈ ದಾರಿಯನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದಾರೆ. ಬುಡದಲ್ಲಿ ಒಬ್ಬ ಅಜ್ಜಿ ಗೋಣಿ ಹಾಸಿ ಕೊತ್ತಂಬರಿ, ಸಬ್ಬಸಿಗೆ ಮಾರುತ್ತಾರೆ. ವ್ಯಾಪಾರ ಜೋರು. ಅಕ್ಕ ಏರಿಯ ಮೇಲೆ ನಿಂತು ಎರಡೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಯಾಕೆ ಅಂದೆ. “ಜಲ್ಲಿಯಲ್ಲಿ ಸಿಕ್ಕಾಕಿಕೊಳ್ತದೆ. ಒಂದ್ಸಲ ಸಿಕ್ಕಾಕಿಕೊಂಡ್ರೆ ಬಗ್ಗಿ ತೆಗೆಯೋಕೆ ಮನಸ್ಸಾಗ್ತದೆ. ನೂರೈವತ್ತು ರೂಪಾಯಿ ಚಪ್ಪಲಿ ಅಲ್ವಾ.” ಹಳಿಯ ನಡುವೆ ಒಂಟಿ ಹವಾಯಿ ಚಪ್ಪಲಿಗಳು ಮೂರೋ ನಾಲ್ಕೋ ಬಿದ್ದಿದ್ದವು. ಬಗ್ಗದೆ ಹೋದವರದ್ದು ಇರಬೇಕು, ಅಂದುಕೊಂಡೆ.

ಮನೆಗೆ ಬಂದು ಮಾವನವರಿಗೆ ಹೇಳಿದೆ. ಅವರು ಡೀಸೆಲ್ ಅಸಿಸ್ಟೆಂಟ್ ಆಗಿ ಕೆಲಸಕ್ಕೆ ಸೇರಿ ಲೋಕೊ ಪೈಲಟ್ ಆಗಿ ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಹಳಿಯ ಮೇಲೆ ಕಣ್ಣಿಟ್ಟು ಕೂತವರು. ನಮ್ಮ ಮನೆ ಆರನೇ ಮಹಡಿಯಲ್ಲಿದೆ, ಬಾಲ್ಕನಿ ಹಳಿಗೇ ಮುಖ ಮಾಡಿದೆ. ರೈಲು ನೋಡಿಕೊಂಡು ಹೊತ್ತು ಕಳೆಯಲಿ ಅಂತಲೇ ಆ ಮನೆ ತೆಗೆದುಕೊಂಡಿದ್ದೆವು. ಆದರೆ ಬೆಳಗಿನ ಹೊತ್ತು ಅವರು ಅಲ್ಲಿ ಕೂರುವುದಿಲ್ಲ. ಕಾಫಿ ಲೋಟ ಹಿಡಿದು ಒಳಗೆ, ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅನ್ನುತ್ತಿದ್ದರು, ನಾನೂ ನಂಬಿದ್ದೆ.

ಅವತ್ತು ಸಂಜೆ ಇಬ್ಬರೂ ಕಂಡಿಯ ಹತ್ತಿರ ಹೋದೆವು. ಏರಿಯ ಅಂಚಿನಲ್ಲಿ ನಿಂತು ಅವರು ವಿದ್ಯುತ್ ಕಂಬಗಳನ್ನು ಎಣಿಸಿದರು. ಕಾರ್ಮೆಲಾರಾಂ ಕಡೆಗೆ ಹಳಿ ಬಾಗಿದೆ. ಆ ಬಾಗಿನ ಒಳಮಗ್ಗುಲಿಗೇ ನಮ್ಮ ಸಿ ಬ್ಲಾಕ್ ಎದ್ದಿದೆ. ಮೊದಲು ಬಯಲಾಗಿದ್ದಾಗ ದೂರದ ತನಕ ಕಾಣುತ್ತಿದ್ದದ್ದು ಈಗ ನಾಲ್ಕೂವರೆ ಕಂಬದಾಚೆ ಕಾಣುವುದಿಲ್ಲ. ಅಂದರೆ ಸುಮಾರು 250 ಮೀಟರ್. ಗಂಟೆಗೆ 100 ಕಿ.ಮೀ. ಓಡುವ ರೈಲು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಹಾಯುತ್ತದೆ. ಮೂಲೆಯಲ್ಲಿ ಎಂಜಿನ್ನಿನ ಮುಖ ಕಂಡಾಗಿನಿಂದ ಅದು ನಮ್ಮ ಮುಂದಿರುವುದಕ್ಕೆ ಒಂಬತ್ತು ಸೆಕೆಂಡು. ಇನ್ನು ದಾಟುವ ಲೆಕ್ಕ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ., ಆದರೆ ಬೋಗಿಯ ಅಗಲ ಮೂರೂಕಾಲು ಮೀಟರ್. ಹಳಿಯಿಂದ ಆಚೆಗೂ ಈಚೆಗೂ ಮುಕ್ಕಾಲು ಮೀಟರ್ ಮೇಲೆ ಚಾಚಿಕೊಂಡಿರುತ್ತದೆ. ಹಳಿ ದಾಟಿದೆ ಅಂತ ಉಸಿರು ಬಿಟ್ಟು ಪಕ್ಕದಲ್ಲೇ ನಿಂತವರು ಇನ್ನೂ ದಾಟಿರುವುದಿಲ್ಲ. ಜೋಡಿ ಹಳಿ ಬಂದ ಮೇಲೆ ಅದನ್ನು ಪೂರ್ತಿ ದಾಟಿ ಸುರಕ್ಷಿತವಾಗಿ ನಿಲ್ಲಬೇಕಾದರೆ ಹನ್ನೆರಡು ಮೀಟರ್ ಹತ್ತಿರ ನಡೆಯಬೇಕು, ಅದೂ ಜಲ್ಲಿಯ ಮೇಲೆ. ಗಟ್ಟಿಮುಟ್ಟಾದವರಿಗೇ ಹತ್ತು ಸೆಕೆಂಡು ಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವವರಿಗೆ, ಕಂಕುಳಲ್ಲಿ ಮಗು ಇರುವವರಿಗೆ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಿ. ಇನ್ನು ಬ್ರೇಕಿನ ಮಾತು. ಆ ವೇಗದಲ್ಲಿ ಎಮರ್ಜೆನ್ಸಿ ಬ್ರೇಕ್ ಹಾಕಿದರೂ ಸಾವಿರ ಟನ್ನಿನ ರೈಲು ನಿಲ್ಲಲು ಮುಕ್ಕಾಲು ಕಿ.ಮೀ. ಮೇಲೇ ಬೇಕು.

“ಕಂಡಮೇಲೆ ಹಾಕೋ ಬ್ರೇಕು ನಮ್ಮ ಸಮಾಧಾನಕ್ಕೆ” ಅಂದರು ಮಾವ.

ನೋಡಿಕೊಂಡು ದಾಟಿದರಾಯಿತು ಅನ್ನುವವರಿಗೆ ಇನ್ನೊಂದು ಮಾತು. ದೊಡ್ಡ ವಸ್ತು ಎದುರಿನಿಂದ ಬರುವಾಗ ನಿಧಾನವಾಗಿ ಬರುತ್ತಿದೆ ಅಂತಲೇ ನಮ್ಮ ಕಣ್ಣಿಗೆ ಕಾಣುವುದು. ಹರ್ಷಲ್ ಲೀಬೊವಿಟ್ಜ್ ಎಂಬ ಅಮೆರಿಕದ ಮನೋವಿಜ್ಞಾನಿ 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳ ಬಗ್ಗೆ ಬರೆಯುತ್ತಾ ಇದನ್ನು ವಿವರಿಸಿದ್ದ. ವಿಮಾನ ನಿಲ್ದಾಣದ ಬಳಿ ನಿಂತರೆ ನಿಮಗೂ ಗೊತ್ತಾಗುತ್ತದೆ: ಸಣ್ಣ ವಿಮಾನ ಸರ್ರನೆ ಇಳಿಯುತ್ತದೆ, ದೊಡ್ಡದು ತೇಲಿಕೊಂಡು ಬಂದಂತೆ ಕಾಣುತ್ತದೆ, ವೇಗ ಎರಡರದ್ದೂ ಹೆಚ್ಚುಕಡಿಮೆ ಒಂದೇ ಇದ್ದರೂ. ಹಳಿಯ ಮೇಲೆ ಸತ್ತವರೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಬೇಜವಾಬ್ದಾರಿಗಳು ಅಂತ ನಮ್ಮ ಗುಂಪಿನಲ್ಲಿ ಕೆಲವರು ಬರೆಯುತ್ತಾರಲ್ಲ, ನೋಡಿಯೇ ದಾಟಿದವರೂ ಅವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಈಗ ಹಾರ್ನಿನ ವಿಷಯ. ಗೇಟು ಇರುವ ಕಡೆಗಳಲ್ಲಿ ಹಳಿಯ ಪಕ್ಕ ಹಳದಿ ಫಲಕ ಇರುತ್ತದೆ, ಅದರ ಮೇಲೆ ಇಂಗ್ಲಿಷಿನಲ್ಲಿ ‘ಡಬ್ಲ್ಯೂ ಎಲ್’ ಅಂತ ಬರೆದಿರುತ್ತದೆ. ಅಲ್ಲಿಂದ ಲೋಕೊ ಪೈಲಟ್ ಸೀಟಿ ಹೊಡೆಯುತ್ತಾ ಬರಬೇಕು. ನಮ್ಮ ಹಿಂದೆ ಅಂಥ ಫಲಕವಿಲ್ಲ, ಯಾಕೆಂದರೆ ರೈಲ್ವೆಯ ಕಾಗದದಲ್ಲಿ ಇಲ್ಲಿ ದಾಟುವ ದಾರಿಯೇ ಇಲ್ಲ. ಆದರೂ ಒಂದು ರೈಲೂ ಸುಮ್ಮನೆ ಹೋಗುವುದಿಲ್ಲ. “ಬೋರ್ಡಿಲ್ಲದಿದ್ರೆ ಏನಮ್ಮ, ಇಲ್ಲಿ ಜನ ಇರ್ತಾರೆ ಅಂತ ಪ್ರತಿಯೊಬ್ಬನಿಗೂ ಗೊತ್ತು. ಒಬ್ಬ ನೋಡಿದ್ದನ್ನ ರನ್ನಿಂಗ್ ರೂಮಿನಲ್ಲಿ ಇನ್ನೊಬ್ಬನಿಗೆ ಹೇಳಿರ್ತಾನೆ. ನೀವು ಅರ್ಜಿ ಕೊಟ್ರೆ ಹಾರ್ನ್ ನಿಲ್ಲಲ್ಲ, ಜನ ದಾಟೋದು ನಿಂತ್ರೆ ನಿಲ್ಲುತ್ತೆ.” ನಾವು ಯಾರ ಮೇಲೆ ದೂರು ಕೊಡಲು ಹೊರಟಿದ್ದೇವೋ ಅವರು ಆ ಹಾರ್ನ್ ಹೊಡೆಯುತ್ತಿರುವುದು ನಮ್ಮ ಮನೆಯ ಕೆಲಸದವರಿಗಾಗಿ. ನಾಲ್ಕನೆಯ ವಿಷಯವನ್ನು ಕಾರ್ಯಸೂಚಿಯಿಂದ ತೆಗೆಯಿರಿ ಅಂತ ಇಲ್ಲೇ ಕೇಳಿಕೊಳ್ಳುತ್ತೇನೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ನಿಮಗೆ ನೆನಪಿರಬಹುದು. ಗುಂಪಿನಲ್ಲಿ ಒಬ್ಬರು, “ಇವತ್ತೇನು ಇಷ್ಟು ಹೊತ್ತು ಹಾರ್ನ್? ಮಗುವಿಗೆ ಪರೀಕ್ಷೆ ಇದೆ” ಅಂತ ಬರೆದರು. ಕೆಳಗೆ ಹನ್ನೊಂದು ಜನ ಸಿಟ್ಟಿನ ಮುಖ ಹಾಕಿದರು. ನಮ್ಮ ಮನೆಯಲ್ಲಿ ಮಾವನವರು ಲೋಟ ಕೆಳಗಿಟ್ಟು ಎದ್ದು ನಿಂತಿದ್ದರು. ಉದ್ದನೆಯ ಹಾರ್ನು, ಆಮೇಲೆ ಬ್ರೇಕಿನ ಕಿರುಚು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಅವರಿಗೆ ಗೊತ್ತಿತ್ತು. ಸಿ ಬ್ಲಾಕಿನ ಮನೆಗಳಿಗೆ ಟೈಲ್ಸ್ ಹಾಕಲು ಬರುತ್ತಿದ್ದ ಹುಡುಗ, ಉತ್ತರದ ಯಾವುದೋ ರಾಜ್ಯದವನು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ರೈಲ್ವೆ ಪೊಲೀಸರ ದಾಖಲೆಯಲ್ಲಿ ಅದು ಯುಡಿಆರ್, ಅಂದರೆ ಅಸಹಜ ಸಾವು. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂತ ಸುಮ್ಮನೆ ಹೇಳುತ್ತಿಲ್ಲ. ರೈಲಿನ ಪ್ರಯಾಣಿಕ ಅಪಘಾತದಲ್ಲಿ ಸತ್ತರೆ ರೈಲ್ವೆ ಕಾಯಿದೆಯಡಿ ಕುಟುಂಬಕ್ಕೆ 8 ಲಕ್ಷ ರೂಪಾಯಿ ಪರಿಹಾರವಿದೆ. ಹಳಿ ದಾಟುವವನು ಪ್ರಯಾಣಿಕನಲ್ಲ, ಅತಿಕ್ರಮಿ. ಅವನಿಗೆ ಆ ಪರಿಹಾರವಿಲ್ಲ. ಬದುಕಿ ಸಿಕ್ಕಿಬಿದ್ದರೆ 1989ರ ರೈಲ್ವೆ ಕಾಯಿದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೈಲ್ವೆ ಇಡುವ ಅಪಘಾತಗಳ ಲೆಕ್ಕದಲ್ಲೂ ಈ ಸಾವುಗಳು ಸೇರುವುದಿಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗುಗಳನ್ನೆಲ್ಲ 2019ರ ಜನವರಿ 31ರೊಳಗೆ ತೆಗೆದುಹಾಕಿದ್ದೇವೆ ಅಂತ ರೈಲ್ವೆ ಹೇಳಿಕೊಳ್ಳುತ್ತದೆ. ನಿಜವೇ, ದೊಡ್ಡ ಕೆಲಸವೇ. ಆದರೆ ಕಂಡಿಗಳು ಆ ಪಟ್ಟಿಗೆ ಯಾವತ್ತೂ ಸೇರಿದ್ದಿಲ್ಲ, ಹಾಗಾಗಿ ಪಟ್ಟಿಯಿಂದ ತೆಗೆಯುವ ಪ್ರಶ್ನೆಯೂ ಬರಲಿಲ್ಲ. ಅನಿಲ್ ಕಾಕೋಡ್ಕರ್ ನೇತೃತ್ವದ ರೈಲ್ವೆ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿ ಈ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಹೀಗೆ ಹಳಿ ದಾಟುತ್ತಾ ಸಾಯುತ್ತಾರೆ, ಅದರಲ್ಲಿ 6,000ದಷ್ಟು ಮುಂಬೈ ಉಪನಗರ ಮಾರ್ಗಗಳಲ್ಲೇ ಅಂತ ಅಂದಾಜು ಮಾಡಿತ್ತು. ಸರ್ಕಾರಿ ವರದಿಗಳು ಸಾಮಾನ್ಯವಾಗಿ ಬಳಸದ ‘ಕಗ್ಗೊಲೆ’ಯಂಥ ಮಾತನ್ನೇ ಆ ಸಮಿತಿ ಬಳಸಿತು.

ಕಂಡಿ ಮುಚ್ಚಬೇಕೇ? ಮುಚ್ಚಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಜೋಡಿ ಹಳಿ ಬಂದ ಮೇಲಂತೂ ಒಂದು ದಿನವೂ ಇರಬಾರದು. ಒಂದು ರೈಲು ಹೋಯಿತಲ್ಲ ಅಂತ ಹೆಜ್ಜೆ ಇಟ್ಟವರ ಮೇಲೆ ಅದರ ಮರೆಯಿಂದ ಎರಡನೆಯದು ಬರುತ್ತದೆ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಎಲ್ಸೆನಮ್ ಅನ್ನುವ ಸಣ್ಣ ನಿಲ್ದಾಣವಿದೆ. 2005ರ ಡಿಸೆಂಬರ್ 3ರಂದು ಹದಿಮೂರು, ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು ಅಲ್ಲಿ ರೈಲು ಹಿಡಿಯಲು ಆಚೆ ಪ್ಲಾಟ್‌ಫಾರ್ಮಿಗೆ ದಾಟಬೇಕಿತ್ತು. ಕೆಂಪು ದೀಪವಿತ್ತು, ಎಚ್ಚರಿಕೆಯ ಸದ್ದಿತ್ತು, ಪಾದಚಾರಿಗಳಿಗೆ ಪ್ರತ್ಯೇಕ ಚಿಕ್ಕ ಗೇಟೂ ಇತ್ತು. ಆದರೆ ಆ ಗೇಟಿಗೆ ಬೀಗವಿರಲಿಲ್ಲ. ತಮ್ಮ ರೈಲು ಬಂತು, ಸದ್ದು ಅದಕ್ಕೇ ಅಂದುಕೊಂಡು ಗೇಟು ತೆಗೆದರು. ಸದ್ದು ಇನ್ನೊಂದು ರೈಲಿಗೂ ಆಗಿತ್ತು. ಆ ಜಾಗ ಅಪಾಯಕಾರಿ ಅಂತ ಮೊದಲೇ ಬರೆದಿಟ್ಟಿದ್ದ ಕಾಗದಗಳು ವರ್ಷಗಳ ನಂತರ ಹೊರಬಂದವು. 2012ರಲ್ಲಿ ಅಲ್ಲಿನ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ತಪ್ಪೊಪ್ಪಿಕೊಂಡು ಹತ್ತು ಲಕ್ಷ ಪೌಂಡ್ ದಂಡ ತೆತ್ತಿತು. ಪಾದಚಾರಿ ಮೇಲ್ಸೇತುವೆ ಬಂದದ್ದು ಸಾವಿನ ನಂತರ. ದೀಪ, ಗಂಟೆ, ಗೇಟು ಎಲ್ಲ ಇದ್ದ ಕಡೆಯ ಕಥೆ ಇದು. ನಮ್ಮಲ್ಲಿರುವುದು ಮರಳಿನ ಚೀಲ.

ಆದರೆ ಏಳನೆಯ ವಿಷಯ ಬರೆದಿರುವ ರೀತಿಗೆ ನಾನು ಒಪ್ಪಲಾರೆ. ಬರೀ ‘ಗೋಡೆ ಕಟ್ಟಿ ಮುಚ್ಚಿಸುವುದು’ ಅಂತಿದೆ. ಆ ಗೋಡೆಯನ್ನು ರೈಲ್ವೆ ಈಗಾಗಲೇ ಮೂರು ಸಲ ಮುಚ್ಚಿದೆ. ಮೂರು ಸಲವೂ ತಿಂಗಳೊಳಗೆ ಹಲಗೆ ಕಳಚಿದೆ. ಮೊದಲ ಸಲ ಕಳಚಿದ್ದು ಊರಿನವರಂತೆ. ಇನ್ನೆರಡು ಸಲ ಯಾರು ಅಂತ ನಮ್ಮ ಸೆಕ್ಯೂರಿಟಿಯವರನ್ನು ಕೇಳಿದರೆ ಅವರು ಬೇರೆ ಕಡೆ ನೋಡುತ್ತಾರೆ. ಸುತ್ತು ದಾರಿ, ಅಂದರೆ ವಾಹನಗಳ ಕೆಳಸೇತುವೆಯಿಂದ ಬರುವ ದಾರಿ, ಮೂರೂವರೆ ಕಿ.ಮೀ. ಇದೆ. ಕಂಡಿಯಿಂದ ಬಂದರೆ ಆರು ನಿಮಿಷ. ನಾಲ್ಕು ಮನೆ ಕೆಲಸ ಮುಗಿಸಿ ಮಗು ಶಾಲೆಯಿಂದ ಬರುವುದರೊಳಗೆ ಮನೆ ಸೇರಬೇಕಾದವಳು ಯಾವುದನ್ನು ಹಿಡಿಯುತ್ತಾಳೆ? ಇಲ್ಲಿ ಮುಚ್ಚಿದರೆ ನೂರು ಮೀಟರ್ ಆಚೆ, ತಿರುವಿಗೆ ಇನ್ನೂ ಹತ್ತಿರದಲ್ಲಿ ಇನ್ನೊಂದು ಕಂಡಿ ಹುಟ್ಟುತ್ತದೆ.

ಇನ್ನು ಮಾಡಬೇಕಾದದ್ದು. ನಮ್ಮಲ್ಲಿ ಹಳಿ ಏರಿಯ ಮೇಲಿದೆ ಅಂದೆನಲ್ಲ, ಅದೇ ನಮ್ಮ ಪುಣ್ಯ. ಏರಿಯ ಬುಡಕ್ಕೆ ಕಾಂಕ್ರೀಟಿನ ಪೆಟ್ಟಿಗೆಯನ್ನು ಜಾಕ್ ಹಾಕಿ ತಳ್ಳಿ ಕೂರಿಸುವ ಪದ್ಧತಿ ರೈಲ್ವೆಗೆ ಕರತಲಾಮಲಕ. ಆ ಹೊತ್ತಿಗೆ ರೈಲುಗಳು ನಿಧಾನವಾಗಿ ಮೇಲೆ ಹೋಗುತ್ತಲೇ ಇರುತ್ತವೆ. ಜನ ನಡೆದು ಹೋಗುವಷ್ಟು ಎತ್ತರದ ಪೆಟ್ಟಿಗೆ ನಮಗೆ ಸಾಕು. ಮೇಲ್ಸೇತುವೆ ಕೇಳಬೇಡಿ ಅಂತ ನನ್ನ ವಿನಂತಿ. ಇಪ್ಪತ್ತೈದು ಸಾವಿರ ವೋಲ್ಟಿನ ತಂತಿಯ ಮೇಲೆ ಹಾಯಬೇಕಾದ ಸೇತುವೆಗೆ, ಏರಿಯ ಎತ್ತರವನ್ನೂ ಸೇರಿಸಿದರೆ, ಮೂರು ಮಹಡಿ ಎತ್ತರದ ಮೆಟ್ಟಿಲು ಬೇಕಾಗುತ್ತದೆ. ಮೊಣಕಾಲು ನೋವಿನವರು, ಹಾಲಿನ ಕ್ಯಾನ್ ಹೊತ್ತವರು ಅದನ್ನು ಹತ್ತುವುದಿಲ್ಲ. ಸೇತುವೆ ಮೇಲೆ ಬ್ಯಾನರು ಕಟ್ಟಿಕೊಳ್ಳಬಹುದು, ಜನ ಕೆಳಗೇ ದಾಟುತ್ತಾರೆ. ಕೆಳಸೇತುವೆ ಅಂದಾಗ ನೀರು ನಿಲ್ಲುವ ಹೆದರಿಕೆ ಸಹಜ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸತ್ತದ್ದನ್ನು ಬೆಂಗಳೂರು ಮರೆತಿಲ್ಲ. ಅದು ನೆಲವನ್ನು ತೋಡಿ ಮಾಡಿದ ದಾರಿ. ಇಲ್ಲಿ ತೋಡಬೇಕಾಗಿಲ್ಲ, ಪೆಟ್ಟಿಗೆಯ ತಳ ನಮ್ಮ ಕಾಂಪೌಂಡಿನ ನೆಲದ ಮಟ್ಟದಲ್ಲೇ ಕೂರುತ್ತದೆ. ಒಳಗೆ ದೀಪ ಬೇಕು, ರಾತ್ರಿ ಹೆಣ್ಣುಮಕ್ಕಳು ಹೆದರದೆ ಹೋಗುವಂಥ ದೀಪ. ಅದರ ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ಉದ್ಘಾಟನೆಯ ವಾರವಷ್ಟೇ ಉರಿಯುತ್ತದೆ.

ದುಡ್ಡು ಯಾರು ಕೊಡಬೇಕು? ರೈಲ್ವೆಯನ್ನು ಬೈಯುವುದು ಸುಲಭ. ಆದರೆ ಕಾಯಿದೆ ಓದಿ ನೋಡಿದೆ. ಮಾರ್ಗ ಶುರುವಾಗಿ ಹತ್ತು ವರ್ಷದ ಮೇಲೆ ಅಕ್ಕಪಕ್ಕದ ಜಮೀನಿನವರಿಗಾಗಿ ಹೊಸದಾಗಿ ದಾಟುದಾರಿ ಕಟ್ಟಿಕೊಡುವ ಹೊಣೆ ರೈಲ್ವೆಯ ಮೇಲಿಲ್ಲ. ಅದು 16ನೇ ಕಲಂ. ಅದರ ಬೆನ್ನಿಗೇ 17ನೇ ಕಲಂ ಇದೆ. ಹಳಿಯನ್ನು ದಾಟುವ ಸಾರ್ವಜನಿಕ ರಸ್ತೆಯೋ ಬೇರೆ ಕಾಮಗಾರಿಯೋ ಬೇಕೆಂದರೆ ರಾಜ್ಯ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಖರ್ಚಿನಲ್ಲಿ ಅದನ್ನು ಮಾಡಿಕೊಡುವಂತೆ ಯಾವಾಗ ಬೇಕಾದರೂ ರೈಲ್ವೆಯನ್ನು ಕೇಳಬಹುದು. ನಾವು ಅರ್ಜಿ ಹಿಡಿದು ಹೋಗಬೇಕಾದದ್ದು ಮೊದಲು ನಮ್ಮ ಸ್ಥಳೀಯ ಸಂಸ್ಥೆಗೆ, ಶಾಸಕರಿಗೆ, ಸಂಸದರಿಗೆ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ, ನೆನಪಿರಲಿ. ಆಮೇಲೆ ಹುಬ್ಬಳ್ಳಿಗೆ, ನೈಋತ್ಯ ರೈಲ್ವೆಗೆ. ಜೋಡಿ ಹಳಿಯ ಕೆಲಸಕ್ಕೆ ಏರಿಯನ್ನು ಅಗಲಿಸುತ್ತಾರಲ್ಲ, ಅದರ ಜೊತೆಗೇ ಪೆಟ್ಟಿಗೆಯನ್ನೂ ಕೂರಿಸಿದರೆ ಅಗ್ಗ. ಹಳಿಗಳೆಲ್ಲ ಬಂದು ರೈಲು ಓಡತೊಡಗಿದ ಮೇಲೆ ಕೇಳಿದರೆ ಕಡತ ಎಷ್ಟು ಮೇಜು ದಾಟಬೇಕೋ!

ಹಳಿಯ ಪಕ್ಕ ಕಟ್ಟಡ ಕಟ್ಟುವವರು ರೈಲ್ವೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ನಮ್ಮ ಬಿಲ್ಡರೂ ತಂದಿದ್ದಾರೆ, ಸಂಘದ ಕಡತದಲ್ಲಿದೆ. ಅಡಿಪಾಯ, ಅಂತರ, ಚರಂಡಿ ಎಲ್ಲದರ ಮಾತೂ ಅದರಲ್ಲಿದೆ. 312 ಮನೆಗೆ ಕೆಲಸಕ್ಕೆ ಬರುವವರು ಯಾವ ದಾರಿಯಿಂದ ಬರುತ್ತಾರೆ ಅನ್ನುವ ಒಂದು ಸಾಲು ಇಲ್ಲ. ನಾವು ಮನೆ ನೋಡಲು ಬಂದಾಗ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಮಾತ್ರ ‘ಬಸ್ ನಿಲ್ದಾಣಕ್ಕೆ ಏಳು ನಿಮಿಷದ ನಡಿಗೆ’ ಅಂತ ಅಚ್ಚಾಗಿತ್ತು. ಏಳು ನಿಮಿಷದಲ್ಲಿ ಬಸ್ ನಿಲ್ದಾಣ ಸಿಗುವ ದಾರಿ ಒಂದೇ. ಪುಸ್ತಿಕೆ ಬರೆದವರು ನಡೆದು ನೋಡಿಯೇ ಬರೆದಿರಬೇಕು.

ಈಗ ಕಷ್ಟದ ಮಾತು. ಕಂಡಿಗೆ ಎದುರಾಗಿ ನಮ್ಮ ಕಾಂಪೌಂಡಿನಲ್ಲೊಂದು ಚಿಕ್ಕ ಕಬ್ಬಿಣದ ಗೇಟಿದೆ. ಮಂಜೂರಾದ ನಕ್ಷೆಯಲ್ಲಿ ಅದಿಲ್ಲ. ನಾಲ್ಕು ವರ್ಷದ ಹಿಂದೆ ನಾವೇ ಸಭೆಯಲ್ಲಿ ಕೈ ಎತ್ತಿ ಇಡಿಸಿದ್ದು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು ತೆಗೆದಿರುತ್ತದೆ. ನಮ್ಮದೇ ಸೆಕ್ಯೂರಿಟಿಯವರು ಅಲ್ಲಿ ಕೂತು ಕೆಲಸದವರ ಗುರುತಿನ ಚೀಟಿ ನೋಡಿ ಒಳಗೆ ಬಿಡುತ್ತಾರೆ. ನಾನೂ ಅವತ್ತು ಕೈ ಎತ್ತಿದವಳೇ. ಅದಷ್ಟೇ ಅಲ್ಲ. ಕಳೆದ ದೀಪಾವಳಿ ಸಂಜೆ ಆಚೆಯ ಹೋಟೆಲಿನಿಂದ ಊಟ ತರಿಸಿದ್ದೆ. ಮಳೆ. ಡೆಲಿವರಿ ಹುಡುಗ ಬೈಕನ್ನು ಆಚೆಯೇ ನಿಲ್ಲಿಸಿ ಹಳಿ ದಾಟಿ ನಡೆದು ಬಂದಿದ್ದ, ಪ್ಯಾಂಟಿನ ತುಂಬ ಜಲ್ಲಿಯ ಕೆಂಪು ಧೂಳಿನ ಕೆಸರು. “ಬೇಗ ಬಂದ್ಯಲ್ಲಪ್ಪ” ಅಂತ ಮೆಚ್ಚಿ ಇಪ್ಪತ್ತು ರೂಪಾಯಿ ಕೊಟ್ಟೆ. ಹೇಗೆ ಬಂದೆ ಅಂತ ಕೇಳಲಿಲ್ಲ.

ಕಂಡಿಯಿಂದ ಕಳ್ಳರು ಬರುತ್ತಾರೆ, ಅದಕ್ಕೇ ಮುಚ್ಚಬೇಕು ಅಂತ ಬಿ ಬ್ಲಾಕಿನ ಕೆಲವರು ವಾದಿಸುತ್ತಿದ್ದಾರೆ. ಗುರುತಿನ ಚೀಟಿ ನೋಡಿ ನಾವೇ ಬಿಡುವ ಗೇಟಿನಿಂದ ಕಳ್ಳರು ಬರುತ್ತಾರೆಂದರೆ ಅದು ಬೇರೆ ಸಮಸ್ಯೆ. ಮನವಿಯಲ್ಲಿ ಆ ಕಾರಣ ಬರೆದರೆ ಊರಿನವರು ನಮ್ಮ ಜೊತೆ ಸಹಿ ಹಾಕುವುದಿಲ್ಲ. ಅವರ ಸಹಿ ಇಲ್ಲದ ಮನವಿಯನ್ನು ಯಾವ ಅಧಿಕಾರಿಯೂ ಗಂಭೀರವಾಗಿ ನೋಡುವುದಿಲ್ಲ. ದಾರಿ ಮೊದಲು ಅವರದ್ದು.

ಹಾಗಾಗಿ ಏಳನೆಯ ವಿಷಯವನ್ನು ತಿದ್ದಿ ಬರೆಯೋಣ. ಊರಿನವರೂ ನಾವೂ ಸೇರಿ ಪಾದಚಾರಿ ಕೆಳಸೇತುವೆ ಕೇಳುವುದು. ಅದು ಬಳಕೆಗೆ ಬಂದ ದಿನವೇ ಎರಡೂ ಕಡೆ ಗಟ್ಟಿ ಗೋಡೆ ಎಬ್ಬಿಸುವುದು. ಅಲ್ಲಿಯ ತನಕ ವರ್ಷವೋ ಎರಡು ವರ್ಷವೋ ಆಗಬಹುದು. ಅಷ್ಟು ದಿನ ಕಣ್ಣು ಮುಚ್ಚಿ ಕೂರಲು ಬರುವುದಿಲ್ಲ. ಆಚೆಯ ಬಸ್ ನಿಲ್ದಾಣದಿಂದ ನಮ್ಮ ಮುಂದಿನ ಗೇಟಿಗೆ ಬೆಳಿಗ್ಗೆ ಸಂಜೆ ಒಂದು ವ್ಯಾನು ಓಡಿಸೋಣ. ವಿಚಾರಿಸಿದ್ದೇನೆ, ತಿಂಗಳಿಗೆ 45,000 ರೂಪಾಯಿ ಕೇಳುತ್ತಾರೆ. ಮನೆಗೆ 144 ರೂಪಾಯಿ ಬೀಳುತ್ತದೆ. ವ್ಯಾನು ಓಡಲು ಶುರುವಾದ ದಿನ ಹಿಂದಿನ ಗೇಟಿಗೆ ಬೀಗ. ವ್ಯಾನು ಹತ್ತು ನಿಮಿಷ ತಡವಾದರೆ ಕೆಲಸದವರು ತಡವಾಗಿ ಬರುತ್ತಾರೆ, ಅದಕ್ಕೆ ಸಂಬಳ ಹಿಡಿಯಬಾರದು; ಇದನ್ನೂ ನಿರ್ಣಯದಲ್ಲೇ ಬರೆಯಬೇಕು, ಬಾಯಿಮಾತಿಗೆ ಬಿಡಬಾರದು.

ಊರಿನವರು ಅಲ್ಲಿಯ ತನಕ ದಾಟುತ್ತಲೇ ಇರುತ್ತಾರೆ. ಅವರಿಗಾಗಿ ರೈಲ್ವೆಯನ್ನು ಒಂದು ಸಣ್ಣ ಕೆಲಸ ಕೇಳಬಹುದು. ಮುಂಬೈಯ ವಡಾಲಾದಲ್ಲಿ 2010ರ ಸುಮಾರಿಗೆ ಒಂದು ಪ್ರಯೋಗ ಮಾಡಿದ್ದರು. ಹಳಿಯ ಸ್ಲೀಪರುಗಳಿಗೆ ಅಂತರ ಬಿಟ್ಟು ಹಳದಿ ಬಣ್ಣ ಬಳಿದರು. ಬರುವ ರೈಲಿನಡಿ ಆ ಪಟ್ಟೆಗಳು ಒಂದೊಂದಾಗಿ ಮರೆಯಾಗುವುದು ಕಂಡರೆ ಅದರ ವೇಗ ಕಣ್ಣಿಗೆ ಅಂದಾಜಾಗುತ್ತದೆ. ಉದ್ದನೆಯ ಒಂದೇ ಹಾರ್ನಿನ ಬದಲು ಚಿಕ್ಕದಾಗಿ ಎರಡು ಸಲ ಹೊಡೆಯಲು ಹೇಳಿದರು. ಕಿವಿ ಅದಕ್ಕೆ ಬೇಗ ಎಚ್ಚರಗೊಳ್ಳುತ್ತದಂತೆ. ಆ ಜಾಗದಲ್ಲಿ ಸಾವುಗಳು ಕಡಿಮೆಯಾದವು. ಬಣ್ಣಕ್ಕೇನು ಮಹಾ ಖರ್ಚು? ನಮ್ಮ ತಿರುವಿಗೂ ಬಳಿಯಲಿ. ಹಾಗೇ ಸಿ ಬ್ಲಾಕಿನ ಹಿಂದೆ ನಾವು ಚಂದಕ್ಕೆ ಅಂತ ಬೆಳೆಸಿರುವ ಬಿದಿರಿನ ಸಾಲನ್ನು ಕತ್ತರಿಸಿದರೆ ತಿರುವು ಇನ್ನೊಂದು ಕಂಬದಷ್ಟು ಕಾಣುತ್ತದೆ ಅಂತ ಮಾವನವರು ಹೇಳುತ್ತಾರೆ. ಅದಕ್ಕೆ ಯಾರ ಅನುಮತಿಯೂ ಬೇಡ. ನಾಳೆಯೇ ಮಾಡಬಹುದು.

ಉಳಿದ ಅಪಾರ್ಟ್‌ಮೆಂಟುಗಳ ಸಂಘಗಳಿಗೆ ನನ್ನದೊಂದೇ ಪ್ರಶ್ನೆ: ನಿಮ್ಮ ಹಿಂದಿನ ಗೇಟು ಎಷ್ಟು ಗಂಟೆಗೆ ತೆಗೆಯುತ್ತೀರಿ?

ನಮ್ಮ ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕ್ಲಬ್‌ಹೌಸಿನಲ್ಲಿ. ಬರುವ ಮುಂಚೆ ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು ಯಾವ ದಾರಿಯಿಂದ ಬರುತ್ತೀರಿ ಅಂತ ಕೇಳಿಕೊಂಡು, ಒಂದು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ, ದಾರಿ ಸಾಕು. ಎಷ್ಟು ಚೀಟಿಯಲ್ಲಿ ‘ಕಂಡಿ’ ಅಂತಿದೆ ಅಂತ ಅಲ್ಲೇ ಎಣಿಸಿ, ಆಮೇಲೆ ಏಳನೆಯ ವಿಷಯಕ್ಕೆ ಕೈ ಎತ್ತೋಣ.

ನಿಮ್ಮ ನೆರೆಮನೆಯವಳು,
ಎ ಬ್ಲಾಕ್, ಆರನೇ ಮಹಡಿ